ಅಪ್ಪನ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೆ

ಮನೆಯಿಂದ,
ಮಾರ್ಚ್ ೯, ಭಾನುವಾರ ಮಧ್ಯಾಹ್ನ

ಪ್ರೀತಿಯ ಅಜ್ಜೀ,

ಮೊಣಕಾಲು ಹೇಗಿದೆ? ಡಾಕ್ಟರು ಹೇಳಿಕೊಟ್ಟ ವ್ಯಾಯಾಮ ಮಾಡುತ್ತಿದ್ದೀಯಾ, ಇಲ್ಲಾ ಅತ್ತೆ ಬಂದಾಗ ಮಾತ್ರ ಕಾಲೆತ್ತುತ್ತೀಯಾ? ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಾನಂತೂ ಬಹಳ ಚೆನ್ನಾಗಿದ್ದೇನೆ, ಆದರೆ ಗುರುವಾರ ಸಂಜೆ ನನ್ನ ಕಥೆ ಮುಗಿದೇ ಹೋಯಿತು ಅಂದುಕೊಂಡಿದ್ದೆ.

ನೀನು ಅತ್ತೆಯ ಮನೆಗೆ ಹೋದಮೇಲೆ ಅಪ್ಪ ಫ್ರಿಜ್ ಬಾಗಿಲಿಗೆ ಹನ್ನೊಂದು ನಿಯಮಗಳ ಹಾಳೆ ಅಂಟಿಸಿದರು. ಆರು ಗಂಟೆಯೊಳಗೆ ಮನೆ ಸೇರಬೇಕು, ಗೆಳತಿಯರ ಜೊತೆ ಮಾತಾಡುವಾಗ ಕೋಣೆಯ ಬಾಗಿಲು ಹಾಕಬಾರದು, ಹೀಗೆ. ಅದೇ ವಾರ ಶಾಲೆಯ ಫುಟ್‌ಬಾಲ್ ತಂಡಕ್ಕೆ ನನ್ನನ್ನು ಗೋಲ್‌ಕೀಪರ್ ಮಾಡಿದರು. ಅಭ್ಯಾಸ ಮುಗಿಯುವುದು ಆರೂವರೆಗೆ. ಗಣಿತದ ವಿಶೇಷ ತರಗತಿ ಇದೆ ಎಂದು ಮನೆಯಲ್ಲಿ ಬುರುಡೆ ಬಿಟ್ಟೆ. ಎರಡು ತಿಂಗಳು ನಡೆಯಿತು.

ಗುರುವಾರ ಮೈಯೆಲ್ಲ ಕೆಸರು ಮಾಡಿಕೊಂಡು, ಓಡಿಬಂದು ಸಿಕ್ಕ ಬಸ್ಸು ಹತ್ತಿದೆ. ಅವತ್ತು ಅಪ್ಪ ಇನ್ನೊಬ್ಬ ಡ್ರೈವರ್ ಬದಲಿಗೆ ಆ ಬಸ್ಸು ಓಡಿಸುತ್ತಿದ್ದರೆಂದು ನನಗೇನು ಗೊತ್ತು? ತಲೆ ಎತ್ತಿದರೆ ಕನ್ನಡಿಯಲ್ಲಿ ಅಪ್ಪನ ಕಣ್ಣು. ಕಂಡಕ್ಟರ್ ಮಾಮ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಏನಮ್ಮಾ, ಗಣಿತ ಮೈಗೆಲ್ಲಾ ಅಂಟ್ಕೊಂಡಿದೆ" ಅಂದರು. ಮಗಳು ಸಂಜೆಯೂ ಕೂತು ಓದುತ್ತಾಳೆ ಎಂದು ಅಪ್ಪ ಡಿಪೋದಲ್ಲೆಲ್ಲ ಹೇಳಿಕೊಂಡು ತಿರುಗಿದ್ದರಂತೆ. ಬೈದಿದ್ದರೂ ನನಗೆ ಅಷ್ಟು ನಾಚಿಕೆಯಾಗುತ್ತಿರಲಿಲ್ಲ.

ನಮ್ಮ ಸ್ಟಾಪ್ ಬಂದಾಗ ಏಳಹೋದೆ. ಅಪ್ಪ ಕನ್ನಡಿಯಲ್ಲೇ ಬೇಡವೆಂದು ತಲೆಯಾಡಿಸಿದರು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಎಂಜಿನ್ ಆರಿಸಿ ಬಂದು ಪಕ್ಕದ ಸೀಟಿನಲ್ಲಿ ಕೂತರು. ಎಲ್ಲ ಹೇಳಿಬಿಟ್ಟೆ. ಸುಳ್ಳು ಯಾಕೆ ಎಂದು ಕೇಳಿದರು. "ಕೇಳಿದ್ರೆ ನೀವು ಬೇಡ ಅಂತಿದ್ರಿ" ಅಂದೆ. ಅಪ್ಪ ಸ್ಟೀರಿಂಗ್ ಕಡೆ ನೋಡುತ್ತಾ, "ಹೌದು, ಅಂತಿದ್ದೆ" ಅಂದರು. ಆಮೇಲೆ ಮೆಲ್ಲಗೆ, "ದಿನವಿಡೀ ರಸ್ತೆ ಮೇಲೆ ಏನೇನೋ ನೋಡ್ತೀನಿ. ನೀನು ಹತ್ತು ನಿಮಿಷ ತಡ ಮಾಡಿದ್ರೆ ಅದೆಲ್ಲಾ ಒಟ್ಟಿಗೆ ನೆನಪಾಗುತ್ತೆ" ಅಂದರು. ಅಜ್ಜೀ, ಅಪ್ಪನಿಗೂ ಹೆದರಿಕೆಯಾಗುತ್ತದೆಂದು ಈ ಹದಿನೈದು ವರ್ಷದಲ್ಲಿ ನನಗೆ ಹೊಳೆದೇ ಇರಲಿಲ್ಲ.

ಶಿಕ್ಷೆ ಮಾತ್ರ ತಪ್ಪಲಿಲ್ಲ. ಎರಡು ವಾರ ಫೋನ್ ಇಲ್ಲ (ಅದಕ್ಕೇ ಈ ಪತ್ರ), ಅಮ್ಮನ ಮುಂದೆ ನಾನೇ ತಪ್ಪೊಪ್ಪಿಕೊಳ್ಳಬೇಕು. ಅಮ್ಮ ಅರ್ಧ ಬೈದಳು, ಅರ್ಧ ನಕ್ಕಳು. ನನ್ನ ಕೆಸರು ಸಾಕ್ಸ್ ಒಗೆಯುವವಳು ಅವಳೇ ಅಲ್ಲವೇ, ಮೊದಲೇ ಗೊತ್ತಾಗಿತ್ತಂತೆ. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ, ಫ್ರಿಜ್ ಮೇಲಿನ ಹಾಳೆಯಲ್ಲಿ ಆರನ್ನು ಹೊಡೆದುಹಾಕಿ ಏಳೂಕಾಲು ಎಂದು ಬರೆದಿತ್ತು.

ನಿನ್ನೆ ಪಂದ್ಯ. ಅಪ್ಪ ಯೂನಿಫಾರ್ಮಿನಲ್ಲೇ ಬಂದು ನನ್ನ ಗೋಲಿನ ಹಿಂದೆ ನಿಂತು, ಪ್ರಯಾಣಿಕರಿಗೆ ಹೇಳುವ ಹಾಗೆ "ಮುಂದೆ ಹೋಗಿ, ಮುಂದೆ ಹೋಗಿ" ಎಂದು ಕೂಗುತ್ತಲೇ ಇದ್ದರು. ನಮ್ಮ ಹುಡುಗಿಯರು ನಿಜವಾಗಿಯೂ ಮುಂದೆ ಹೋಗಿಬಿಟ್ಟರು, ಹಿಂದೆ ಉಳಿದವಳು ನಾನೊಬ್ಬಳೇ. ಮೂರು ಹೊಡೆತ ತಡೆದೆ, ಒಂದು ಬಿಟ್ಟೆ. ಆದರೂ ಎರಡು-ಒಂದರಲ್ಲಿ ಗೆದ್ದೆವು. ಅಪ್ಪನ ಗಂಟಲು ಇವತ್ತೂ ಕಟ್ಟಿದೆ.

ಅತ್ತೆಗೆ ನನ್ನ ನೆನಪು ಹೇಳು. ನೀನು ಬೇಗ ಕೋಲಿಲ್ಲದೆ ಓಡಾಡುವಂತಾಗಲಿ.

ನಿನ್ನ
ಚೂಟಿ

ತಾ.ಕ.: ಮುಂದಿನ ಪಂದ್ಯ ಬೇರೆ ಊರಿನಲ್ಲಿ, ಎರಡು ರಾತ್ರಿ ತಂಡದ ಜೊತೆ ಉಳಿಯಬೇಕು. ಅಪ್ಪ ಇನ್ನೂ ಹೂಂ ಅಂದಿಲ್ಲ, ಶುಕ್ರವಾರ ಹೆಸರು ಕೊಡಬೇಕು. ಪತ್ರ ಸೇರಿದ ಕೂಡಲೇ ಅಪ್ಪನಿಗೆ ಫೋನ್ ಮಾಡಿ "ಕಳಿಸೋ" ಅಂದುಬಿಡು, ಸಾಕು. ಅವರನ್ನು ಹಾಗೆ ಗದರಿಸಬಲ್ಲವರು ಈ ಭೂಮಿ ಮೇಲೆ ನೀನೊಬ್ಬಳೇ.