ಬೀಪ್ ಕೇಳಿಸದ ಸಂಜೆ

ಜನವರಿ 9, ಬೆಳಿಗ್ಗೆ

ಚಹಾಕ್ಕಿಟ್ಟೆ. ಒಳಗೆ ಕಂಪ್ಯೂಟರ್ ಬೀಪ್ ಎಂದಿತು. ಯಾವುದನ್ನು ತೆರೆಯಲಿ ಎಂದು ಮೆನು ಕೇಳುವ ಸದ್ದು. ಅದು ಕೇಳಿದರೆ ಸಾಕು, ಇವರು ಎಂಟರ್ ಒತ್ತುತ್ತಾರೆ. ಲಿನಕ್ಸ್ ತೆರೆದುಕೊಂಡು, ಪರದೆಯ ಮೇಲಿನದನ್ನೆಲ್ಲ ಗಟ್ಟಿಯಾಗಿ ಓದುತ್ತದೆ. ಹುಟ್ಟಿನಿಂದ ಕಣ್ಣು ಕಾಣದ ಇವರಿಗೆ ಬೇರೇನೂ ಬೇಡ. ನನ್ನ ಶಾಲೆಯ ಪ್ರಶ್ನೆಪತ್ರಿಕೆಗೆ ಅದೇ ಡಿಸ್ಕಿನಲ್ಲಿ ವಿಂಡೋಸ್.

ಡಿಸ್ಕ್ ತುಂಬಿದೆ — ಇವರ ಹಾರ್ಮೋನಿಯಂ ಶಿಷ್ಯರ ರೆಕಾರ್ಡಿಂಗು. ಹೊಸದೊಂದು ಹಾಕಿಸಿ ನನ್ನ ವಿಂಡೋಸ್ ಅಲ್ಲಿಗೆ ಒಯ್ಯೋಣ, ಹಳೆಯದು ಪೂರ್ತಿ ನಿಮಗೆ ಎಂದೆ.

“ಅಂದ್ರ ನೀ ಬ್ಯಾರೆ ಮನಿ ಮಾಡ್ತಿ.”

“ಬಾಜೂಕ ಇರ್ತೀನ್ರಿ.”

ಜನವರಿ 12

ಹೊಸ ಡಿಸ್ಕ್, ಎಸ್‌ಎಸ್‌ಡಿ, ಬಂತು. ಇವರು ಹೇಳಿದಂತೆ ಟೈಪ್ ಮಾಡಿ ಹಳೆಯ ಡಿಸ್ಕಿನ ಬೂಟ್ ರೆಕಾರ್ಡ್ ಪೆನ್‌ಡ್ರೈವ್‌ಗೆ ಕಾಪಿ ಮಾಡಿದೆ. ಡಿಸ್ಕಿನ ಮೊಟ್ಟಮೊದಲ ಚೂರಂತೆ ಅದು. ಚಾಲೂ ಆದ ಯಂತ್ರಕ್ಕೆ ದಾರಿ ತೋರಿಸುವುದು ಅದೇ.

“ನಾಳೆ ಹೊಸಾದು ಹಾಕುಮುಂದ ಹಳೀ ಡಿಸ್ಕಿನ ವೈರ್ ತಗಸು. ಇಲ್ಲಂದ್ರ ವಿಂಡೋಸ್ ಅದರಾಗೂ ಕೈ ಹಾಕತೈತಿ.”

ಹೂಂ ಎಂದೆ.

ಜನವರಿ 13, ರಾತ್ರಿ

ಇವರು ಪಾಠಕ್ಕೆ ಲಕ್ಷ್ಮೇಶ್ವರಕ್ಕೆ ಹೋಗಿದ್ದರು. ಕಂಪ್ಯೂಟರ್ ಅಂಗಡಿಯ ಮೊಹಸಿನ ಬಂದ. ವೈರ್ ತೆಗಿ ಎಂದೆ.

“ಏನೂ ಆಗಂಗಿಲ್ರಿ ಟೀಚರ್. ನಾ ನೋಡೇ ಹಾಕ್ತೀನಿ.”

ನಾನೂ ಒತ್ತಾಯ ಮಾಡಲಿಲ್ಲ. ವಿಂಡೋಸ್ ಚಕ್ಕನೆ ತೆರೆಯಿತು. ಖುಷಿಯಾಯಿತು.

ಸಂಜೆ ಇವರು ಬಂದು ಗುಂಡಿ ಒತ್ತಿದರು. ಕಾದರು. ಬೀಪ್ ಇಲ್ಲ.

“ಸುಶ್ಮಿತಾ, ಕರೆಂಟ್ ಹೋಗೇತೇನ?”

ಪರದೆಯ ತುಂಬ ನನ್ನ ವಿಂಡೋಸ್, ನೀಲಿಯಾಗಿ ಹೊಳೆಯುತ್ತಿತ್ತು. ಇವರು ಅದರ ಮುಂದೆಯೇ ಕಿವಿ ಕೊಟ್ಟು ಕೂತಿದ್ದರು… ಕೊನೆಗೆ, ವೈರ್ ತೆಗೆಸಲಿಲ್ಲ ಎಂದು ಹೇಳಿದೆ.

ಬೈಯಲಿಲ್ಲ. “ಮದ್ಲ ಊಟ ಮಾಡೂಣು,” ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಜನವರಿ 14, ಮಧ್ಯಾಹ್ನ

ಇನ್ನೊಂದು ಪೆನ್‌ಡ್ರೈವಿನಿಂದ ಲಿನಕ್ಸ್ ಎಬ್ಬಿಸಿದೆವು. ಅದಕ್ಕೆ ದನಿ ಬರಲಿಲ್ಲ. ಹಾಗಾಗಿ ಓದುವುದು ನಾನು, ಹೇಳುವುದು ಇವರು. ಕಾಪಿಯನ್ನು ಡಿಸ್ಕಿಗೆ ಮರಳಿ ಬರೆಯುವ ಸಾಲು ಟೈಪ್ ಮಾಡಿ ಎಂಟರ್ ಮೇಲೆ ಬೆರಳಿಟ್ಟಿದ್ದೆ.

“ತಡಿ. ಹೊಸಾದು ಬಂದ ಮ್ಯಾಲೆ ಡಿಸ್ಕಿನ ‘ಎ’, ‘ಬಿ’ ಹೆಸರು ಅದಲುಬದಲು ಆಗಿರಬೇಕು. ‘ಎ’ ಎಷ್ಟ ಜಿಬಿ ಐತಿ, ಓದು.”

ಓದಿದೆ. ‘ಎ’ ಈಗ ನನ್ನ ಹೊಸ ಡಿಸ್ಕ್. ಇವರದು ‘ಬಿ’ ಆಗಿದೆ. ಒತ್ತಿದ್ದರೆ ನನ್ನದೂ ಕೆಡುತ್ತಿತ್ತು. ಬೆರಳು ಹಿಂದಕ್ಕೆಳೆದುಕೊಂಡೆ.

“ಹೆದರಬ್ಯಾಡ. ತಿದ್ದಿ ಇನ್ನೊಮ್ಮಿ ಓದು. ಸಾವಕಾಶ.”

ಓದಿದೆ. ಒತ್ತಿದೆ. ಮತ್ತೆ ಚಾಲೂ ಮಾಡಿದೆವು —

ಬೀಪ್.

ಸದ್ದಾಗದಂತೆ ಅತ್ತೆ. ಇವರು ಕೈ ಚಾಚಿ ಕೆನ್ನೆ ಮುಟ್ಟಿದರು. “ಸುಮ್ನ ಅಳಾಕ ನಿನಗ ಬರಂಗಿಲ್ಲ. ಮೂಗು ಸೊರಸೊರ ಅನಸ್ತಿ.”

ರೆಕಾರ್ಡಿಂಗು ಎಲ್ಲ ಇವೆ. ಹೊಸ ವಿಂಡೋಸನ್ನೂ ಮೆನುವಿಗೆ ಸೇರಿಸಿದರು. ಮೊಹಸಿನ ಫೋನ್ ಮಾಡಿದ್ದ. “ತಪ್ಪಾತ್ರಿ ಶಿವಯೋಗಿ ಸರ,” ಎಂದನಂತೆ. ಚಹಾಕ್ಕೆ ಬಾ ಎಂದಿದ್ದಾರೆ.

ಜನವರಿ 21

ನಿನ್ನೆ ಕೇಳಿದೆ, “ಪರದಿ ನೋಡಲಾರ್ದ ಕೆಲಸ ಮಾಡೂದು ನನಗೂ ಕಲಸ್ತೀರೇನ್ರಿ?”

“ನಿನಗ್ಯಾಕ?”

“ಅವತ್ತ ನೀವು ಸುಮ್ನ ಕಾಯ್ಕೋತ ಕುಂತಿದ್ರಲ್ಲ… ಅದಕ್ಕ.”

ಇವರು ನನ್ನ ಬೆರಳು ಹಿಡಿದು ಒಂದೊಂದೇ ಕೀಲಿಯ ಮೇಲಿಟ್ಟರು.

ಇವತ್ತು ದಿನಚರಿ ಕಂಪ್ಯೂಟರಿನಲ್ಲೇ. ಮಾನಿಟರ್ ಆಫ್. ಟೈಪ್ ಮಾಡಿದ್ದನ್ನೆಲ್ಲ ಯಂತ್ರ ಗಟ್ಟಿಯಾಗಿ ಓದುತ್ತಿದೆ, ತಪ್ಪುಗಳನ್ನೂ ಬಿಡದೆ. ಅಡುಗೆಮನೆಯಲ್ಲಿ ಇವರು ಶೇಂಗಾ ಸುಲಿಯುತ್ತಿದ್ದರು — ಈಗ ಆ ಸದ್ದು ನಿಂತಿದೆ. ಕೇಳಿಸಿಕೊಳ್ಳುತ್ತಿದ್ದಾರೆ. ಇಷ್ಟು ವರ್ಷ ಬಾಯಿಬಿಟ್ಟು ಹೇಳದ ಮಾತೊಂದಿದೆ. ಬರೆದರೆ ಇದು ಓದಿಬಿಡುತ್ತದೆ.

ಓದಲಿ. ನಾನು ಇವರನ್ನು —