ಅಪ್ಪನ ಕಾಲಿನ ಪಟ್ಟಿಗೆ ಅಂಟು ಕಚ್ಚುವುದಿಲ್ಲ

ಅಪ್ಪ,

ಕಾಲಿನ ಪ್ಲಾಸ್ಟಿಕ್ ಪಟ್ಟಿ ಹುಡುಕಬೇಡ, ನನ್ನ ಚೀಲದಲ್ಲಿದೆ. ಲಕ್ವ ಹೊಡೆದ ಕಾಲಿಗೆ ಆಧಾರ ಅದೊಂದೇ ಎಂದು ಗೊತ್ತು. ಆದರೂ ಸೀಳಿದ್ದನ್ನು ನಾಲ್ಕನೇ ಸಲ ಅಂಟಿಸಲು ಬಿಡುವುದಿಲ್ಲ.

"ನಲವತ್ತು ವರ್ಷ ರೇಡಿಯೋ ಡಬ್ಬಿ ಅಂಟಿಸಿದವನಿಗೆ ನೀನು ಪಾಠ ಹೇಳ್ತೀಯೇನೇ?" ಅಂದೆ ನೀನು. ಹೇಳುತ್ತೇನೆ. ಆ ಪ್ಲಾಸ್ಟಿಕ್ ಬೇರೆ. ಇದು ಬಕೆಟ್ಟಿನ ಜಾತಿ, ಮೇಣದಂಥ ಮೈ. ಮನೆಯಲ್ಲಿರುವ ಯಾವ ಅಂಟೂ ಇದಕ್ಕೆ ಕಚ್ಚುವುದಿಲ್ಲ. ಒಣಗಿದಾಗ ಗಟ್ಟಿ ಕಾಣುತ್ತದೆ, ಭಾರ ಹಾಕಿದ ಕೂಡಲೇ ಸಿಪ್ಪೆಯಂತೆ ಏಳುತ್ತದೆ. ನಿನ್ನೆ ನೀನು ಬಚ್ಚಲಲ್ಲಿ ಬಿದ್ದದ್ದು ಹಾಗೆಯೇ. ಸ್ಯಾಂಡ್ ಪೇಪರ್ ಹಾಕಿ ಉಜ್ಜಿ ಇನ್ನೂ ತೆಳ್ಳಗೆ ಬೇರೆ ಮಾಡಿಟ್ಟಿದ್ದೀಯ.

ಹೊಸದಕ್ಕೆ ಆಸ್ಪತ್ರೆಯಲ್ಲಿ ಹೆಸರು ಬರೆಸಿ ಬರುತ್ತೇನೆ. ಮೂರು ತಿಂಗಳು ಅನ್ನುತ್ತಾರೆ. ಅವರ ಮೂರು ತಿಂಗಳು ನಿನಗೂ ಗೊತ್ತು.

ಕೈ ಸುಮ್ಮನಿರದಿದ್ದರೆ ಒಡೆದ ಟಾರ್ಚ್ ಅಂಟಿಸು, ಅದು ಹಿಡಿಯುತ್ತದೆ. ಅಂಟಿನ ಘಾಟು ಹೋಗಲು ಕಿಟಕಿ ತೆರೆದಿಟ್ಟುಕೋ.

ಇನ್ನೊಂದು. ಸೋಮವಾರ ರೇಡಿಯೋ ರಿಪೇರಿ ಅಂಗಡಿಗೆ ಬಂದೇ ಬರುತ್ತೇನೆಂದು ಮಾಲೀಕರಿಗೆ ಫೋನ್ ಮಾಡಿದ್ದೀಯಂತೆ. ಅವರು ನಿನ್ನ ಮೇಜಿಗೆ ಬೇರೆಯವರನ್ನು ಕೂರಿಸಿ ಹದಿನೈದು ದಿನವಾಯಿತು. ನಾನೇ ಹೋಗಿ ನೋಡಿ ಬಂದೆ. ಎದುರಿಗೆ ಹೇಳಲು ಬಾಯಿ ಬರಲಿಲ್ಲ. ಆದ್ದರಿಂದ ಅವಸರ ಪಡುವಂಥದ್ದು ಈಗ ಏನೂ ಇಲ್ಲ. ನಾನು ಬರುವವರೆಗೆ ಗೋಡೆ ಹಿಡಿದುಕೊಂಡೇ ಓಡಾಡು.