ಚಿತ್ರದಲ್ಲಿ ಕಾಣದ ನಾಳಗಳು

ನವೆಂಬರ್ ೧೪, ಗುರುವಾರ. ಪಡಾಂಗ್.

ಇವತ್ತು ನಾನು ಕೆಲಸ ಮಾಡುವ ಹೃದಯ ವಿಭಾಗದಲ್ಲೇ ಅಕ್ಕ ರೊಸ್ನಿದಾಳ ಹೃದಯದ ನಾಳಗಳ ಚಿತ್ರ ತೆಗೆಯುವ ಆಂಜಿಯೋಗ್ರಾಮ್ ಆಯಿತು. ದೊಡ್ಡ ರಕ್ತನಾಳಗಳಲ್ಲಿ ಎಲ್ಲೂ ಅಡ್ಡಿಯಿಲ್ಲ.

"ಗ್ಯಾಸ್ ಅಂತ ನಾನು ಹೇಳಲಿಲ್ವಾ?" ಎಂದು ಭಾವ ನಕ್ಕರು.

ಡಾಕ್ಟರ್ ಹೆಲ್ಮಿ ನಗಲಿಲ್ಲ. "ತೀರಾ ಸಣ್ಣ ನಾಳಗಳು ಇದರಲ್ಲಿ ಕಾಣಲ್ಲ. ಮುಟ್ಟು ನಿಂತ ಮೇಲೆ ಅವನ್ನ ಸಡಿಲವಾಗಿಡೋ ಹಾರ್ಮೋನ್ ಕಡಿಮೆಯಾಗುತ್ತೆ. ಹಿಗ್ಗಬೇಕಾದ ಹೊತ್ತಲ್ಲಿ ಬಿಗೀತವೆ. ಇವರ ನೋವು ನಿಜ," ಎಂದರು.

"ಹಾಗಾದ್ರೆ ಆ ಹಾರ್ಮೋನೇ ಕೊಡಿ ಡಾಕ್ಟ್ರೇ," ಎಂದೆ.

"ಅದರಿಂದ ಹೃದಯಕ್ಕೆ ಉಪಯೋಗ ಕಂಡಿಲ್ಲಮ್ಮ. ಇವರಿಗೆ ಕಾಲಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅಪಾಯವೇ ಜಾಸ್ತಿ."

ಈ ಪರೀಕ್ಷೆಗೆ ಮುಂಚೆ ಕೊಟ್ಟಿದ್ದ, ನಾಲಿಗೆಯಡಿ ಇಡುವ ಮಾತ್ರೆಯಿಂದ ಅಕ್ಕನಿಗೆ ತಲೆನೋವು ಮಾತ್ರ ಬಂತು. ಇನ್ನೊಂದರಿಂದ ರಕ್ತದೊತ್ತಡ ಇಳಿದು ಬಚ್ಚಲಲ್ಲಿ ಬಿದ್ದಳು. ಈಗ ಮೂರನೆಯದನ್ನು ಬರೆದುಕೊಟ್ಟಿದ್ದಾರೆ. ಎರಡು ವರ್ಷ ಅವಳು ಎದೆ ಹಿಡಿದುಕೊಂಡಾಗೆಲ್ಲ ಗ್ಯಾಸ್ ಎಂದವಳು ನಾನೇ. ಭಾವ ಆ ಮಾತನ್ನು ಕಲಿತದ್ದು ನರ್ಸ್ ನಾದಿನಿಯಿಂದ. ಡಾಕ್ಟರ್ ಹೇಳಿದ್ದು ಅವರ ತಲೆಗೆ ಹೋಗಿಲ್ಲ; ಈಗ ಅದು ಗ್ಯಾಸ್ ಅಲ್ಲ ಎಂದು ನಾನು ಯಾವ ಬಾಯಲ್ಲಿ ಹೇಳಲಿ?

ಬರುವಾಗ ಭಾವ ಖುಷಿಗೆ ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸದ ಸಾತೆ ಕಟ್ಟಿಸಿಕೊಂಡರು. ಮನೆಯ ಮೆಟ್ಟಿಲ ನಡುವೆ ಅಕ್ಕ ಎದೆಯ ಮೇಲೆ ಕೈಯಿಟ್ಟು ನಿಂತಳು.

"ರಿಪೋರ್ಟ್ ಸರಿಯಿದೆಯಲ್ಲ, ಇನ್ಯಾಕೆ ಹೆದರ್ತೀಯ? ಹತ್ತು," ಎಂದರು ಭಾವ ಮೇಲಿಂದ.

ಅಕ್ಕ ಕೈ ತೆಗೆದಳು. "ನೋಯ್ತಿದೆ ಅಂತ ಹೇಳ್ಬೇಡ ಕಣೆ. ಎಷ್ಟು ದಿನ ಆಯ್ತು ಅವ್ರು ನಕ್ಕು," ಎಂದು ನನ್ನ ಕಿವಿಯಲ್ಲಿ ಹೇಳಿ, ಉಸಿರು ಬಿಗಿಹಿಡಿದು ಹತ್ತಿದಳು.

ಅವಳ ಚೀಲ ಹಿಡಿದು ನಾನೂ ಹತ್ತಿದೆ. ಊಟಕ್ಕೆ ಕೂತಾಗಲೂ ಅವಳ ನೋವಿನ ವಿಷಯ ಭಾವನಿಗೆ ಹೇಳಲಿಲ್ಲ. ಈ ಮೂರನೆಯ ಮಾತ್ರೆಯೂ ಒಗ್ಗದಿದ್ದರೆ ಮುಂದೇನು ಎಂದು ನನಗೂ ಗೊತ್ತಿಲ್ಲ.